ಅಜ್ಜಿಯ ಬಿಪಿ ಮಾತ್ರೆಯೂ ಮೊಮ್ಮಗನ ಓಟವೂ

ಕೀನ್ಯಾದ ರುತ್ ಚೆಪ್‌ಂಗೆಟಿಚ್ 2024ರ ಅಕ್ಟೋಬರ್‌ನಲ್ಲಿ ಷಿಕಾಗೊ ಮ್ಯಾರಥಾನನ್ನು 2 ಗಂಟೆ 9 ನಿಮಿಷ 56 ಸೆಕೆಂಡಿನಲ್ಲಿ ಮುಗಿಸಿದರು. ಹೆಣ್ಣೊಬ್ಬಳು 2 ಗಂಟೆ 10 ನಿಮಿಷದೊಳಗೆ ಮ್ಯಾರಥಾನ್ ಓಡಿದ್ದು ಅದೇ ಮೊದಲು. ಐದು ತಿಂಗಳು ಕಳೆದು, 2025ರ ಮಾರ್ಚ್ 14ರಂದು ತೆಗೆದ ಅವರ ಮೂತ್ರದ ಮಾದರಿಯಲ್ಲಿ, ಮೂತ್ರ ಹೆಚ್ಚಿಸುವ ಹಾಗೂ ಓಟಗಾರರಿಗೆ ನಿಷಿದ್ಧವಾದ ಹೈಡ್ರೋಕ್ಲೋರೋಥಯಾಜೈಡ್ ಸಿಕ್ಕಿತು. ಹೆಸರು ಬಾಯಲ್ಲಿ ತಿರುಗುವುದಿಲ್ಲ ನಿಜ, ಆದರೆ ವಸ್ತು ನಿಮಗೆ ಅಪರಿಚಿತವೇನಲ್ಲ. ಮನೆಯಲ್ಲಿ ಅಜ್ಜಿಯೋ ತಾತನೋ ನುಂಗುವ ಬಿಪಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಟೆಲ್ಮಿಸಾರ್ಟನ್ ಮಾತ್ರೆಯ ಹೆಸರಿನ ಕೊನೆಗೆ ‘ಎಚ್’ ಅಂತಿದ್ದರೆ ಸಾಮಾನ್ಯವಾಗಿ ಆ ‘ಎಚ್’ ಇದೇ.

ಈ ಔಷಧ ಬೇರೆ ಮಾತ್ರೆಗಳಲ್ಲಿ ಕೊಂಚ ಬೆರೆತು ಬರುವುದುಂಟು ಎಂದೇ ಒಂದು ಮಿಲಿಲೀಟರ್ ಮೂತ್ರದಲ್ಲಿ 20 ನ್ಯಾನೊಗ್ರಾಂವರೆಗೆ ಸಿಕ್ಕರೆ ಲ್ಯಾಬಿನವರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚೆಪ್‌ಂಗೆಟಿಚ್ ಮಾದರಿಯಲ್ಲಿ ಇದ್ದದ್ದು 3800. ಮೊದಲು ವಿಚಾರಿಸಿದಾಗ ಹೇಗೆ ಬಂತೋ ಗೊತ್ತಿಲ್ಲ ಎಂದರು. ಆಮೇಲೆ, ಪರೀಕ್ಷೆಗೆ ಎರಡು ದಿನ ಮುಂಚೆ ಹುಷಾರಿರಲಿಲ್ಲ, ಮನೆಕೆಲಸದವಳ ಮಾತ್ರೆ ತೆಗೆದುಕೊಂಡಿದ್ದೆ ಎಂದರು. ಅಥ್ಲೆಟಿಕ್ಸ್‌ನಲ್ಲಿ ಇಂಥ ಪ್ರಕರಣಗಳ ತನಿಖೆ ಮಾಡುವ ಅಥ್ಲೆಟಿಕ್ಸ್ ಇಂಟೆಗ್ರಿಟಿ ಯೂನಿಟ್ ಆ ಕಥೆಗೆ ಮಣಿಯಲಿಲ್ಲ. ಮೂರು ವರ್ಷ ನಿಷೇಧ ಬಿತ್ತು. ಷಿಕಾಗೊ ಓಟ ಆ ಮಾದರಿಗಿಂತ ಹಿಂದಿನದಾದ್ದರಿಂದ ದಾಖಲೆ ಮಾತ್ರ ಉಳಿದುಕೊಂಡಿತು.

ಅವರ ಮಾತು ನಿಜವೋ ಸುಳ್ಳೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಆದರೆ ತುಮಕೂರಿನಲ್ಲಿ ಕ್ಲಿನಿಕ್ ಇಟ್ಟುಕೊಂಡು ಕೂತ ನನಗೆ, ಇನ್ನೊಬ್ಬರ ಮಾತ್ರೆ ನುಂಗುವುದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನಮ್ಮಲ್ಲಿ ಮಾತ್ರೆ ಎಂದರೆ ಪಕ್ಕದ ಮನೆಗೆ ಕೊಟ್ಟು ತರುವ ಹೆಪ್ಪಿನ ಮೊಸರಿದ್ದ ಹಾಗೆ. ಕಾಲು ಊದಿದರೆ ಅತ್ತೆಯ ಮಾತ್ರೆ ಸೊಸೆಗೆ, ತಲೆನೋವಿಗೆ ಅಣ್ಣನದ್ದು ತಮ್ಮನಿಗೆ. ಓಡದವರಿಗೆ ಇದರಿಂದಾಗುವ ತೊಂದರೆ ಬೇರೆ, ಅದನ್ನು ಇನ್ನೊಂದು ವಾರ ಬರೆಯುತ್ತೇನೆ. ಓಡುವವರಿಗೆ ಆಗುವುದು ಇಂದಿನ ವಿಷಯ.

ಬೆಳಗಿನ ಐದೂವರೆಗೆ ಮಹಾತ್ಮ ಗಾಂಧಿ ಕ್ರೀಡಾಂಗಣದ ಕಡೆ ಹೋದವರಿಗೆ ಗೊತ್ತು, ಅಲ್ಲಿ ಸುತ್ತುಹಾಕುವವರಲ್ಲಿ ಎರಡು ಬಗೆ. ಹೆಚ್ಚಿನವರು ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಲು ಒದ್ದಾಡುವ ಹುಡುಗರು. ಅವರನ್ನು ಯಾವ ನಾಡಾವೂ (ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆ) ಹುಡುಕಿಕೊಂಡು ಬರುವುದಿಲ್ಲ. ಉಳಿದ ಕೆಲವರು ವಿಶ್ವವಿದ್ಯಾಲಯ ಕ್ರಾಸ್ ಕಂಟ್ರಿ, ರಾಜ್ಯ ಮಟ್ಟ, ಬೆಂಗಳೂರಿನ 10ಕೆ ಎಂದು ಮೇಲಕ್ಕೆ ಹತ್ತುತ್ತಿರುವವರು. ಒಂದು ದಿನ ಫಿನಿಷ್ ಲೈನ್ ದಾಟುತ್ತಿದ್ದಂತೆ ಕೊರಳಲ್ಲಿ ಐಡಿ ಕಾರ್ಡ್ ಹಾಕಿಕೊಂಡವರು ಬಂದು ‘ನಮ್ಮ ಜೊತೆ ಬನ್ನಿ’ ಎನ್ನುವುದು ಇವರಿಗೆ. ಇದೇ ಕೆಲಸದ ಜಾಗತಿಕ ಸಂಸ್ಥೆ ವಾಡಾ ಪ್ರಕಟಿಸಿದ ಅಂಕಿಅಂಶದ ಪ್ರಕಾರ 2022ರಲ್ಲಿ ಭಾರತದ 3865 ಮಾದರಿಗಳಲ್ಲಿ 125 ಸಿಕ್ಕಿಬಿದ್ದವು. ಮರುವರ್ಷ 5606 ಮಾದರಿ ಪರೀಕ್ಷಿಸಿದರು, ಸಿಕ್ಕಿಬಿದ್ದ ಪ್ರಮಾಣ ಶೇ 3.8ಕ್ಕೆ ಏರಿತು. ಹೆಚ್ಚು ಪರೀಕ್ಷೆ ಮಾಡುವ ದೊಡ್ಡ ದೇಶಗಳ ಸಾಲಿನಲ್ಲಿ ಆ ವರ್ಷ ಇಷ್ಟು ಕೆಟ್ಟ ಪ್ರಮಾಣ ಇನ್ನಾರದ್ದೂ ಇರಲಿಲ್ಲ.

ನಿಯಮ ನಿಷ್ಠುರವಾದದ್ದು. ಔಷಧ ಒಳಗೆ ಹೇಗೆ ಹೋಯಿತು ಎಂಬುದು ಆಮೇಲಿನ ಮಾತು. ದೇಹದಲ್ಲಿ ಇತ್ತೇ? ಇತ್ತು ಅಂದರೆ ಹೊಣೆ ಓಟಗಾರನದು. ಡಾಕ್ಟರ್ ಕೊಟ್ಟರು, ಕೋಚ್ ಕೊಟ್ಟರು ಎಂದರೆ ಶಿಕ್ಷೆ ಕಡಿಮೆಯಾದೀತು, ಪ್ರಕರಣ ಬಿದ್ದುಹೋಗುವುದಿಲ್ಲ. ನಮ್ಮ ಓಟಗಾರ್ತಿ ಅಶ್ವಿನಿ ಅಕ್ಕುಂಜಿ ಮತ್ತು ಸಂಗಡಿಗರ 2011ರ ಪ್ರಕರಣ ಓದುಗರಿಗೆ ನೆನಪಿರಬಹುದು. ಕೋಚ್ ತಂದುಕೊಟ್ಟ ಜಿನ್‌ಸೆಂಗ್‌ನಲ್ಲಿ ಸ್ಟೀರಾಯ್ಡ್ ಬೆರೆತಿತ್ತು ಎಂಬ ವಾದಕ್ಕೆ ಇಲ್ಲಿ ಒಂದು ವರ್ಷದ ಶಿಕ್ಷೆ ಆಯಿತು. ಮೇಲ್ಮನವಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯಕ್ಕೆ ಹೋದಾಗ ಅದು ಎರಡು ವರ್ಷವಾಯಿತು.

ಈಗ ಕೆಮ್ಮಿನ ಸಿರಪ್ಪಿಗೆ ಬರೋಣ. ನನ್ನ ಬಳಿ ಬರುವ ಓಟಗಾರರಲ್ಲಿ ಯಾರೂ ಇದನ್ನು ಡೋಪಿಂಗ್ ಎಂದು ಅಂದುಕೊಂಡದ್ದನ್ನು ನಾನು ನೋಡಿಲ್ಲ. ಕಫ ಕಟ್ಟಿದ ಕೆಮ್ಮಿಗೆ ನಮ್ಮ ಮೆಡಿಕಲ್ ಸ್ಟೋರ್‌ಗಳಲ್ಲಿ ಕೈಗೆ ಮೊದಲು ಬರುವುದು ಎರಡು ಜಾತಿಯ ಸಿರಪ್. ಒಂದರಲ್ಲಿ ಬ್ರೋಮ್‌ಹೆಕ್ಸಿನ್ ಜೊತೆ ಟರ್ಬ್ಯುಟಲಿನ್ ಇರುತ್ತದೆ, ಇನ್ನೊಂದರಲ್ಲಿ ಆಂಬ್ರಾಕ್ಸಾಲ್ ಜೊತೆ ಲಿವೊಸಾಲ್‌ಬ್ಯುಟಮಾಲ್. ಬ್ರೋಮ್‌ಹೆಕ್ಸಿನ್, ಆಂಬ್ರಾಕ್ಸಾಲ್‌ಗಳಿಗೆ ಅಡ್ಡಿಯಿಲ್ಲ. ಟರ್ಬ್ಯುಟಲಿನ್ ಮಾತ್ರ ಯಾವ ರೂಪದಲ್ಲೂ, ವರ್ಷದ ಯಾವ ದಿನವೂ ನಿಷಿದ್ಧ. ಸಾಲ್‌ಬ್ಯುಟಮಾಲನ್ನು, ಅದರ ‘ಲಿವೊ’ ರೂಪವನ್ನೂ ಸೇರಿಸಿ, ಸಿರಪ್ಪಾಗಿಯೋ ಮಾತ್ರೆಯಾಗಿಯೋ ಹೊಟ್ಟೆಗೆ ತೆಗೆದುಕೊಳ್ಳುವ ಹಾಗಿಲ್ಲ. ಅದೇ ಔಷಧವನ್ನು ಇನ್‌ಹೇಲರ್‌ನಲ್ಲಿ ಸೇದಿದರೆ ತಪ್ಪಿಲ್ಲ: 24 ಗಂಟೆಯಲ್ಲಿ 1600 ಮೈಕ್ರೊಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೀರಬಾರದು. ಆಸ್ತಾಲಿನ್ ಇನ್‌ಹೇಲರ್‌ನ ಒಂದು ಪಫ್ ಎಂದರೆ 100. ಹಾಗಾಗಿ ಎಂಟು ಗಂಟೆಗೆ ಆರು ಪಫ್. ಅದಕ್ಕಿಂತ ಹೆಚ್ಚು ಬೇಕಾಗುವಷ್ಟು ಉಬ್ಬಸವಿದ್ದರೆ ಆ ದಿನ ಓಡಲೇಬಾರದು, ಅದಕ್ಕೆ ನಿಯಮ ಪುಸ್ತಕ ಬೇಕಿಲ್ಲ.

ಒಂದೇ ಔಷಧಕ್ಕೆ ಎರಡು ನ್ಯಾಯ ಯಾಕೆ ಎಂದು ಹುಡುಗರು ಕೇಳುತ್ತಾರೆ. ಇನ್‌ಹೇಲರ್ ಶ್ವಾಸನಾಳಕ್ಕೆ ನೇರ ಹೋಗುತ್ತದೆ, ರಕ್ತಕ್ಕೆ ಇಳಿಯುವುದು ಸ್ವಲ್ಪ. ಹೊಟ್ಟೆಗೆ ಹೋದದ್ದು ಮೈಯೆಲ್ಲ ಹರಡಿ ಸ್ನಾಯುವಿನ ಮೇಲೂ ಕೆಲಸ ಮಾಡುತ್ತದೆ, ಹೆಚ್ಚಿನ ಪ್ರಮಾಣದಲ್ಲಿ ಸ್ನಾಯುವಿನ ಬಲ ಹೆಚ್ಚಿಸಬಲ್ಲದು. ಅಷ್ಟೇ ವ್ಯತ್ಯಾಸ.

ಇನ್ನು ಡ್ರಿಪ್. ‘ಸಾರ್, ಹುಡುಗ ಸುಸ್ತಾಗವ್ನೆ, ಭಾನುವಾರ ಓಟ ಐತೆ, ಒಂದ್ ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ.’ ಈ ಮಾತು ಕೇಳದ ಡಾಕ್ಟರ್ ನಮ್ಮ ಜಿಲ್ಲೆಯಲ್ಲಿ ಇರಲಾರರು. ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್, ಅಂದರೆ ಐದು ಟೀ ಚಮಚ. ಒಂದು ರಾಗಿ ಮುದ್ದೆಯಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತದೆ, ಕೈಗೆ ಸೂಜಿ ಚುಚ್ಚುವ ಗೋಜಿಲ್ಲ. ಆದರೆ ಓಟಗಾರನ ತೊಂದರೆ ಗ್ಲೂಕೋಸಿನಲ್ಲಿಲ್ಲ, ನೀರಿನ ಅಳತೆಯಲ್ಲಿದೆ. 12 ಗಂಟೆಯಲ್ಲಿ 100 ಮಿಲಿಲೀಟರಿಗಿಂತ ಹೆಚ್ಚು ಏನನ್ನು ರಕ್ತನಾಳಕ್ಕೆ ಹರಿಸಿದರೂ ಅದು ನಿಷಿದ್ಧ ವಿಧಾನ, ಒಳಗೆ ಬರೀ ಉಪ್ಪುನೀರಿದ್ದರೂ ಸರಿ. ರಕ್ತ, ಮೂತ್ರವನ್ನು ತೆಳುಮಾಡಿ ಬೇರೆ ಗುರುತು ಅಳಿಸಬಹುದು ಎಂಬುದು ಕಾರಣ. ಆಸ್ಪತ್ರೆಯಲ್ಲಿ ಕಾಯಿಲೆಗೆ ಚಿಕಿತ್ಸೆ ಪಡೆಯುವಾಗ, ಶಸ್ತ್ರಚಿಕಿತ್ಸೆಯಲ್ಲಿ ವಿನಾಯಿತಿ ಉಂಟು. ಸುಸ್ತಿಗೆಂದು ಕ್ಲಿನಿಕ್ಕಿನ ಬೆಂಚಿನ ಮೇಲೆ ಮಲಗಿ ಹಾಕಿಸಿಕೊಂಡದ್ದಕ್ಕೆ ಇಲ್ಲ.

ಇಷ್ಟು ಸಣ್ಣ ನಿಯಮಕ್ಕೆ ಯಾರು ಸಿಕ್ಕಿಬೀಳುತ್ತಾರೆ ಎನ್ನಬೇಡಿ. ಜಗತ್ತಿನ ಹಣವಂತ ಓಟದ ತಂಡಗಳಲ್ಲೊಂದು ಬಿದ್ದದ್ದೇ ಇಲ್ಲಿ. ಅಮೆರಿಕದ ಆಲ್ಬರ್ಟೊ ಸಲಜಾರ್ 1980ರಿಂದ 82ರವರೆಗೆ ಸತತ ಮೂರು ಸಲ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದವರು, ಆಮೇಲೆ ನೈಕಿ ಕಂಪನಿಯ ಆರೆಗನ್ ಪ್ರಾಜೆಕ್ಟಿನ ಕೋಚ್. ಎಲ್-ಕಾರ್ನಿಟೀನ್ ಎಂಬ, ನಿಷೇಧವೇ ಇಲ್ಲದ ವಸ್ತುವನ್ನು ಡ್ರಿಪ್ ಮೂಲಕ ಕೊಟ್ಟರೆ ಓಟ ಸುಧಾರಿಸೀತೇ ಎಂದು 2011ರಲ್ಲಿ ತಮ್ಮ ಸಹಾಯಕ ಕೋಚ್ ಮೇಲೆ ಪ್ರಯೋಗ ಮಾಡಿಸಿದರು. ಹರಿಸಿದ್ದು ಸುಮಾರು ಒಂದು ಲೀಟರ್. ಆಗಿನ ಮಿತಿ ಆರು ಗಂಟೆಗೆ 50 ಮಿಲಿಲೀಟರ್. ಟೆಸ್ಟೊಸ್ಟಿರೋನ್ ಜೆಲ್ ಎಷ್ಟು ಹಚ್ಚಿದರೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ ಎಂದು ಸ್ವಂತ ಮಕ್ಕಳ ಮೈಗೆ ಹಚ್ಚಿ ನೋಡಿದ್ದೂ ವಿಚಾರಣೆಯಲ್ಲಿ ಹೊರಬಂತು. ಯಾರೋ ಕಿಡಿಗೇಡಿ ತನ್ನ ಓಟಗಾರರಿಗೆ ಹಚ್ಚಿ ಸಿಕ್ಕಿಸಿಯಾರು ಎಂಬ ಭಯಕ್ಕೆ ಹಾಗೆ ಮಾಡಿದೆ ಎಂಬುದು ಅವರ ಸಮಜಾಯಿಷಿ. 2019ರಲ್ಲಿ ಅವರಿಗೂ ತಂಡದ ವೈದ್ಯ ಜೆಫ್ರಿ ಬ್ರೌನ್‌ಗೂ ನಾಲ್ಕು ನಾಲ್ಕು ವರ್ಷ ನಿಷೇಧವಾಯಿತು. ಆ ವಿಚಾರಣೆಯಲ್ಲಿ ತಂಡದ ಓಟಗಾರರ ಮೇಲೆ ಯಾವ ನಿಷೇಧವೂ ಬೀಳಲಿಲ್ಲ ಎಂಬುದನ್ನೂ ಹೇಳಬೇಕು.

ವೈದ್ಯನಾಗಿ ನನ್ನನ್ನು ಕೆಣಕುವುದು ಆ ಪ್ರಕರಣದ ಇನ್ನೊಂದು ಮಗ್ಗುಲು. ಬ್ರೌನ್ ಹಾರ್ಮೋನ್ ತಜ್ಞ. ಅವರ ಬಳಿ ಹೋದ ಓಟಗಾರರಿಗೆ ಥೈರಾಯ್ಡ್ ಮಾತ್ರೆ ಧಾರಾಳವಾಗಿ ಸಿಗುತ್ತಿತ್ತು ಎಂಬ ಆರೋಪ ವರ್ಷಗಟ್ಟಲೆ ಕೇಳಿಬಂತು. ಆ ಮಾತ್ರೆಯಲ್ಲಿರುವ ಥೈರಾಕ್ಸಿನ್ ನಿಷೇಧಿತ ಪಟ್ಟಿಯಲ್ಲಿಲ್ಲ, ಸೇರಿಸಿ ಎಂಬ ಕೂಗಿಗೆ ವಾಡಾ ಕಿವಿಗೊಟ್ಟಿಲ್ಲ. ಹಾಗಾದರೆ ಕೊಡಬಹುದೇ? ತಿಂಗಳಿಗೆ ನೂರಾರು ಕಿಲೋಮೀಟರ್ ಓಡಿ, ಸರಿಯಾಗಿ ಉಣ್ಣದೆ, ನಿದ್ದೆಗೆಟ್ಟವರ ಥೈರಾಯ್ಡ್ ವರದಿಯಲ್ಲಿ ಸಣ್ಣಪುಟ್ಟ ಏರುಪೇರು ಕಾಣಬಹುದು. ಅದು ಕಾಯಿಲೆಯಲ್ಲ, ದೇಹ ವಿಶ್ರಾಂತಿ ಕೇಳುತ್ತಿರುವುದು. ಥೈರಾಯ್ಡ್ ವರದಿಯ ಟಿಎಸ್‌ಎಚ್ 3, ಅಂದರೆ ಸಹಜ ಮಿತಿಯೊಳಗೇ ಇರುವ ಹುಡುಗಿಗೆ ‘ಸ್ವಲ್ಪ ಚುರುಕಾಗಲಿ’ ಅಂತ ಥೈರಾಕ್ಸಿನ್ ಬರೆದರೆ ಪಟ್ಟಿಯ ಪ್ರಕಾರ ತಪ್ಪಲ್ಲ, ವೈದ್ಯಕೀಯದ ಪ್ರಕಾರ ತಪ್ಪು. ಎದೆಬಡಿತ ಏರುತ್ತದೆ, ಮೂಳೆ ಸವೆಯುತ್ತದೆ, ಮುಟ್ಟು ಏರುಪೇರಾಗುತ್ತದೆ. ಕೋಚ್ ಜೊತೆಯಲ್ಲಿ ಬಂದು ರಿಪೋರ್ಟ್ ಮುಂದಿಟ್ಟು ‘ಡೋಪಿಂಗ್ ಅಲ್ವಲ್ಲ ಸಾರ್’ ಎಂದಾಗ ನಾನು ಕೇಳುವುದು ಒಂದೇ: ಈ ಹುಡುಗಿ ಓಟ ಬಿಟ್ಟು ಮನೆಯಲ್ಲಿದ್ದರೆ ಈ ಮಾತ್ರೆ ಕೇಳುತ್ತಿದ್ದಳೇ? ಇಲ್ಲವೆಂದಾದರೆ ಆ ಚೀಟಿ ನನ್ನ ಕೈಯಿಂದ ಹೊರಡುವುದಿಲ್ಲ.

ಇಂಜೆಕ್ಷನ್ ವಿಷಯ ಚಿಕ್ಕದಾಗಿ ಮುಗಿಸುತ್ತೇನೆ. ಜ್ವರಕ್ಕೆ, ಮೈಕೈ ನೋವಿಗೆ, ಅಲರ್ಜಿಗೆ ನಮ್ಮಲ್ಲಿ ಡೆಕ್ಸಾ ಚುಚ್ಚುವುದು ವಾಡಿಕೆ. ಅದು ಸ್ಟೀರಾಯ್ಡ್. 2022ರ ಜನವರಿಯಿಂದ ಸ್ಟೀರಾಯ್ಡ್ ಇಂಜೆಕ್ಷನ್ ಸೊಂಟಕ್ಕೆ ಹಾಕಿದರೂ ಮಂಡಿಗೆ ಹಾಕಿದರೂ ಸ್ಪರ್ಧೆಯ ಸಮಯದಲ್ಲಿ ಸಿಗುವಂತಿಲ್ಲ. ಸ್ಪರ್ಧೆ ಎಂದರೆ ಹಿಂದಿನ ರಾತ್ರಿ 11 ಗಂಟೆ 59 ನಿಮಿಷಕ್ಕೇ ಶುರು. ಡೆಕ್ಸಾ ಸೊಂಟಕ್ಕೆ ಹಾಕಿಸಿಕೊಂಡರೆ ಕನಿಷ್ಠ ಐದು ದಿನ ಕಾಯಬೇಕು. ಹಿಮ್ಮಡಿ ನೋವಿಗೆ ಕೊಡುವ ಟ್ರಯಾಮ್ಸಿನೊಲೋನ್ ಆದರೆ ಹತ್ತು ದಿನ, ಅದನ್ನೇ ಸ್ನಾಯುವಿಗೆ ಹಾಕಿದ್ದರೆ ಅರವತ್ತು. ನೋವಿಗೆ ಬರೆಯುವ ಟ್ರಮಡಾಲ್, ಪ್ಯಾರಸಿಟಮಾಲ್ ಜೊತೆ ಬೆರೆಸಿ ಬರುವುದೂ ಸೇರಿ, 2024ರ ಜನವರಿಯಿಂದ ಸ್ಪರ್ಧೆಯಲ್ಲಿ ನಿಷಿದ್ಧ.

ಬೇಕೆಂದೇ ಮಾಡುವವರ ಲೋಕ ಬೇರೆ, ಅಲ್ಲಿನ ರಾಜ ಇಪಿಒ. ನಮ್ಮ ಮೂತ್ರಪಿಂಡವೇ ತಯಾರಿಸುವ ಹಾರ್ಮೋನಿದು, ಮೂಳೆಯೊಳಗಿನ ಮಜ್ಜೆಗೆ ಕೆಂಪುಕಣ ಮಾಡು ಎಂದು ಹೇಳುತ್ತದೆ. ಕೆಂಪುಕಣ ಹೆಚ್ಚಿದರೆ ಸ್ನಾಯುವಿಗೆ ಆಮ್ಲಜನಕ ಹೆಚ್ಚು, ದೂರದ ಓಟದಲ್ಲಿ ಬೇಕಾದದ್ದೇ ಅದು. ಕೀನ್ಯಾದ ಇಟೆನ್ ಸುಮಾರು 2400 ಮೀಟರ್ ಎತ್ತರದಲ್ಲಿದೆ, ಅಲ್ಲಿ ವಾರಗಟ್ಟಲೆ ಇದ್ದರೆ ದೇಹವೇ ಇಪಿಒ ಹೆಚ್ಚಿಸಿಕೊಳ್ಳುತ್ತದೆ. (ನಂದಿಬೆಟ್ಟ ಹತ್ತಿಳಿದರೆ ‘ಆಲ್ಟಿಟ್ಯೂಡ್ ಟ್ರೇನಿಂಗ್’ ಆಯಿತು ಎನ್ನುವ ಚಿಕ್ಕಬಳ್ಳಾಪುರದ ಗೆಳೆಯರು ಕ್ಷಮಿಸಬೇಕು. 1478 ಮೀಟರ್ ಎತ್ತರ ಕಾಲಿಗೆ ಒಳ್ಳೆಯದು, ರಕ್ತಕ್ಕೆ ಗೊತ್ತೇ ಆಗುವುದಿಲ್ಲ.) ಕಾರ್ಖಾನೆಯಲ್ಲಿ ಮಾಡಿದ ಇಪಿಒ ಡಯಾಲಿಸಿಸ್ ರೋಗಿಗಳಿಗೆ ವರದಾನ. ಆರೋಗ್ಯವಂತನಿಗೆ ಚುಚ್ಚಿದರೆ ರಕ್ತ ಮಂದವಾಗುತ್ತದೆ, ಬೆವರು ಹರಿದು ನೀರು ಕಡಿಮೆಯಾದಾಗ ಹೆಪ್ಪುಗಟ್ಟುವ ಅಪಾಯ. 1990ರಲ್ಲೇ ನಿಷೇಧವಾದರೂ ಹಿಡಿಯುವ ಪರೀಕ್ಷೆ ಬಂದದ್ದು 2000ದ ಸಿಡ್ನಿ ಒಲಿಂಪಿಕ್ಸ್ ಹೊತ್ತಿಗೆ. ಈಗ ಬಯೋಲಾಜಿಕಲ್ ಪಾಸ್‌ಪೋರ್ಟ್ ಎಂದು ಓಟಗಾರನ ಹಿಮೋಗ್ಲೋಬಿನ್, ಎಳೆಯ ಕೆಂಪುಕಣಗಳ ಪ್ರಮಾಣವನ್ನು ವರ್ಷಗಟ್ಟಲೆ ದಾಖಲಿಸುತ್ತಾರೆ. ಔಷಧ ಸಿಗದಿದ್ದರೂ ಏರಿಳಿತ ಸಿಗುತ್ತದೆ.

ರಿಯೊ ಒಲಿಂಪಿಕ್ ಮ್ಯಾರಥಾನ್ ಗೆದ್ದ ಜೆಮಿಮಾ ಸುಮ್‌ಗಾಂಗ್ 2017ರಲ್ಲಿ ಇಪಿಒಗೆ ಸಿಕ್ಕಿಬಿದ್ದು ನಾಲ್ಕು ವರ್ಷ ನಿಷೇಧಕ್ಕೊಳಗಾದರು. ತಪ್ಪಿಸಿಕೊಳ್ಳಲು ಕೊಟ್ಟ ಆಸ್ಪತ್ರೆ ಕಾಗದ ಸುಳ್ಳೆಂದು ಗೊತ್ತಾಗಿ ಅದು ಎಂಟಾಯಿತು. ‘ಹಳೇ ಡೇಟ್ ಹಾಕಿ ಒಂದು ಚೀಟಿ ಕೊಡಿ ಸಾರ್’ ಎನ್ನುವವರಿಗೆ ನಾನು ಹೇಳುವ ಉದಾಹರಣೆ ಇದು.

ನಿಜವಾಗಿ ಕಾಯಿಲೆಯಿದ್ದವರಿಗೆ ದಾರಿಯಿದೆ. ಇನ್ಸುಲಿನ್ ಕೂಡ ನಿಷೇಧಿತ ಪಟ್ಟಿಯಲ್ಲಿದೆ, ಆದರೂ ಸಕ್ಕರೆ ಕಾಯಿಲೆಯವರು ಓಡಬಹುದು. ಟಿಯುಇ ಎಂಬ ಅನುಮತಿಗೆ ನಾಡಾಕ್ಕೆ ಅರ್ಜಿ ಹಾಕಬೇಕು, ಸ್ಪರ್ಧೆಗೆ ಕನಿಷ್ಠ 30 ದಿನ ಮುಂಚೆ, ರಿಪೋರ್ಟುಗಳ ಸಮೇತ. ತುರ್ತು ಚಿಕಿತ್ಸೆಯಾಗಿದ್ದರೆ ಆಮೇಲೂ ಕೇಳಬಹುದು. ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ಔಷಧದ ಹೆಸರು ಹಾಕಿ ನೋಡಿಕೊಳ್ಳಬಹುದು. ಮೆಡಿಕಲ್ ಸ್ಟೋರ್‌ನವರು ‘ಅದೇ ಕಂಟೆಂಟು, ಬೇರೆ ಕಂಪನಿ’ ಎಂದು ಕೊಟ್ಟದ್ದನ್ನು ಅಲ್ಲೇ ನಿಂತು ಓದಿ. ಮಾದರಿ ಕೊಡುವಾಗ ತುಂಬಿಸುವ ಫಾರಂನಲ್ಲಿ ಹಿಂದಿನ ಏಳು ದಿನ ತೆಗೆದುಕೊಂಡ ಔಷಧ, ಪೌಡರು, ಲೇಹ್ಯಗಳನ್ನೆಲ್ಲ ಬರೆಯಲು ಜಾಗವಿದೆ. ಹುಡುಗರು ಗಾಬರಿಯಲ್ಲಿ ‘ಏನೂ ಇಲ್ಲ’ ಎಂದು ಗೀಚಿ ಸಹಿ ಹಾಕುತ್ತಾರೆ. ಮುಂದೆ ಸಿರಪ್ಪಿನ ಮಾತು ಬಂದಾಗ ಆ ‘ಏನೂ ಇಲ್ಲ’ವೇ ಅವರ ವಿರುದ್ಧ ಸಾಕ್ಷಿ. ಖಾಲಿ ಸ್ಟ್ರಿಪ್ಪು, ಬಾಟಲಿ, ಬಿಲ್ಲು ಮೂರನ್ನೂ ಸೀಸನ್ ಮುಗಿಯುವವರೆಗೆ ಎತ್ತಿಡಿ.

ಕೊನೆಗೆ, ಯಾವ ಪಟ್ಟಿಯಲ್ಲೂ ಇಲ್ಲದ ಒಂದು ಔಷಧ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗೆ ವಾಡಾ ತಕರಾರಿಲ್ಲ. ಓಟದ ಬೆಳಗ್ಗೆ ಕಾಫಿಯ ಜೊತೆ ಒಂದು ನುಂಗಿ ಹೊರಡುವವರು ಬಹಳ. ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದಾಗ ಮೂತ್ರಪಿಂಡಕ್ಕೆ ಹೋಗುವ ರಕ್ತ ಹೇಗೂ ಇಳಿದಿರುತ್ತದೆ. ಇಳಿದ ರಕ್ತವನ್ನು ಸರಿದೂಗಿಸಲು ದೇಹ ಮಾಡುವ ಉಪಾಯವನ್ನೇ ಈ ಮಾತ್ರೆ ತಡೆಯುತ್ತದೆ. ಮಾದರಿ ಪರೀಕ್ಷೆಯಲ್ಲಿ ಪಾಸಾಗಿ, ಮೂತ್ರಪಿಂಡದ ಕೆಲಸ ಅಳೆಯುವ ಕ್ರಿಯಾಟಿನೈನ್ ಪರೀಕ್ಷೆಯಲ್ಲಿ ಫೇಲಾಗುವುದು ಹೀಗೆ. ಓಟದ ದಿನ ಅದು ಬೇಡ, ಹಿಂದಿನ ರಾತ್ರಿಯೂ ಬೇಡ. ಓಟದ ನಂತರ ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿದರೆ ಅಥವಾ ಸಂಜೆಯವರೆಗೂ ಬರದಿದ್ದರೆ ಎಳನೀರು ಕುಡಿದು ನೋಡೋಣ ಎಂದು ಕೂರಬೇಡಿ, ಅಂದೇ ಆಸ್ಪತ್ರೆಗೆ ಬನ್ನಿ. ಅಲ್ಲಿ ಡ್ರಿಪ್ ಹಾಕಿದರೆ ಯಾರೂ ಪ್ರಶ್ನಿಸುವುದಿಲ್ಲ.