ಮೊದಲು ಹೇಳಿದ್ದು ಯಾರು?

"ನಾವು ಏನೂ ಹೇಳಿರಲಿಲ್ಲ ಡಾಕ್ಟ್ರೇ, ಎಲ್ಲ ಅವರೇ ಹೇಳಿದ್ರು. ಅವರಿಗೆ ಹೇಗೆ ಗೊತ್ತಾಯ್ತು?"

ಮಂಗಳೂರಿನಲ್ಲಿ ಮನೋವೈದ್ಯನಾಗಿರುವ ನನ್ನ ಕಿವಿಗೆ ಈ ಪ್ರಶ್ನೆ ಮತ್ತೆ ಮತ್ತೆ ಬೀಳುತ್ತದೆ. ಕೇಳುವವರು, ಸತ್ತವರ ಜೊತೆ ಮಾತಾಡುತ್ತೇನೆ, ಕಣ್ಣು ಮುಚ್ಚಿದರೆ ನಿಮ್ಮ ಮನೆಯೊಳಗಿನದೆಲ್ಲ ಕಾಣುತ್ತದೆ ಎನ್ನುವವರ ಬಳಿ ಹೋಗಿ ಬಂದಿರುತ್ತಾರೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು, ಶಾಲೆಯ ಟೀಚರುಗಳು, ಗಲ್ಫ್‌ನಿಂದ ರಜೆಯಲ್ಲಿ ಬಂದ ಇಂಜಿನಿಯರುಗಳು ಎಲ್ಲರೂ ಇವರಲ್ಲಿದ್ದಾರೆ. ಇಂಥವರನ್ನು ಯಾರಾದರೂ ದಡ್ಡರೆಂದರೆ ನನಗೆ ಸಿಟ್ಟು ಬರುತ್ತದೆ. ದುಃಖದಲ್ಲಿದ್ದವರು ಬಾಗಿಲು ತಟ್ಟುತ್ತಾರೆ, ಅಷ್ಟೇ. ಸಿಟ್ಟು ಮಾಡಬೇಕಾದದ್ದು ಆ ಬಾಗಿಲಿನ ಒಳಗೆ ಕುಳಿತವರ ಮೇಲೆ.

ಕುಟುಂಬದ ದೈವಕ್ಕೆ ಕೋಲ ಕೊಡುವುದು, ತೀರಿಕೊಂಡವರಿಗೆ ತುಳುನಾಡಿನ ಆಟಿ ತಿಂಗಳಲ್ಲಿ ಎಲೆ ಹಾಕಿ ಬಡಿಸುವುದು ಇಲ್ಲಿನ ಚರ್ಚೆಯಲ್ಲ. ಅಲ್ಲಿ ಊರು ಸೇರುತ್ತದೆ, ದುಃಖ ಹಂಚಿಹೋಗುತ್ತದೆ. ನನ್ನ ತಕರಾರು ಇರುವುದು ಫೋನಿನಲ್ಲಿ ಅಪಾಯಿಂಟ್‌ಮೆಂಟ್ ಕೊಟ್ಟು, ಮುಚ್ಚಿದ ಕೋಣೆಯಲ್ಲಿ ಕೂರಿಸಿ, "ನಿಮ್ಮ ಯಜಮಾನರು ನನ್ನ ಪಕ್ಕದಲ್ಲೇ ನಿಂತಿದ್ದಾರೆ" ಎನ್ನುವವರ ಬಗ್ಗೆ.

ಒಂದು ಉದಾಹರಣೆ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬಂಟ್ವಾಳ ಕಡೆಯ ಒಬ್ಬ ಅಮ್ಮನನ್ನು ಅವರ ಅಕ್ಕನ ಮಗ ಕರೆದುಕೊಂಡು ಬಂದಿದ್ದ. ಗಂಡ ಕುವೈತ್‌ನಲ್ಲಿ ಕೆಲಸದಲ್ಲಿದ್ದಾಗಲೇ ತೀರಿಕೊಂಡಿದ್ದರು. ಇಬ್ಬರೂ ಇಂಥ ಒಬ್ಬನ ಬಳಿ ಹೋಗಿ ಬಂದಿದ್ದರು. ಅಮ್ಮ ನನಗೆ ಹೇಳಿದ್ದು ಇಷ್ಟು: "ಕುವೈತ್ ಅಂದ್ರು, ಹಾರ್ಟ್ ಅಟ್ಯಾಕ್ ಅಂದ್ರು, ಮಗಳ ಹೆಸರೂ ಹೇಳಿದ್ರು." ಆದರೆ ಹುಡುಗ ಅಲ್ಲಿ ನಡೆದದ್ದನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ.

ಕೇಳಿದೆ. "ಎದೆಯಲ್ಲಿ ಭಾರ ಕಾಣ್ತಾ ಉಂಟು, ಉಸಿರಿನ ತೊಂದರೆ ಇತ್ತಾ?" ಎಂದು ಆತ ಶುರು ಮಾಡುತ್ತಾನೆ. ಯಾವ ಕಾಯಿಲೆಯಲ್ಲಿ ಕೊನೆಗೆ ಉಸಿರಿನ ತೊಂದರೆ ಇರುವುದಿಲ್ಲ? ಅಮ್ಮ ತಕ್ಷಣ, "ಹೌದು, ಹಾರ್ಟ್ ಅಟ್ಯಾಕ್, ಕುವೈತ್‌ನಲ್ಲಿ" ಎನ್ನುತ್ತಾರೆ. ಆತ ಬೇರೇನೋ ಮಾತಾಡಿ, ಸ್ವಲ್ಪ ಹೊತ್ತು ಬಿಟ್ಟು, "ಕಡಲಾಚೆ ಹೋದ ಜೀವ, ನಿಮ್ಮ ಮುಖ ನೋಡಲು ಹಂಬಲಿಸಿದೆ" ಎಂದು ಈಗಷ್ಟೇ ಕಂಡವನಂತೆ ಹೇಳುತ್ತಾನೆ. ಅಮ್ಮ ಅಳುತ್ತಾರೆ. "ಸ ಅಥವಾ ಶ ಅಕ್ಷರದವರು ಯಾರು?" ಎಂಬುದು ಮುಂದಿನ ಪ್ರಶ್ನೆ. ಸುರೇಶ, ಸದಾಶಿವ, ಶೇಖರ, ಸುಜಾತ, ಶಶಿಕಲಾ ಯಾರೂ ಇಲ್ಲದ ಮನೆ ನಮ್ಮ ಜಿಲ್ಲೆಯಲ್ಲಿ ಎಷ್ಟಿದೆ? ಮಗಳ ಹೆಸರು ಅಮ್ಮನ ಬಾಯಿಂದಲೇ ಬರುತ್ತದೆ. "ಕಾಲಿಗೆ ಪೆಟ್ಟಾಗಿತ್ತಾ?" ಇಲ್ಲ ಎನ್ನುತ್ತಾರೆ. "ಹಾಗಾದ್ರೆ ಅವರ ತಂದೆ ಕಡೆಯವರದ್ದು, ಮನೆಗೆ ಹೋಗಿ ವಿಚಾರಿಸಿ." ಹೀಗೆ ಗುರಿ ತಪ್ಪಿದ ಮಾತುಗಳೇ ಆ ರೆಕಾರ್ಡಿಂಗಿನಲ್ಲಿ ಹೆಚ್ಚು. ಅಮ್ಮನಿಗೆ ಅದರಲ್ಲಿ ಒಂದೂ ನೆನಪಿರಲಿಲ್ಲ.

ನಾನು ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ವಿಷಯ ಇದೇ, ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ. ಅಮ್ಮ ಸುಳ್ಳು ಹೇಳಿರಲಿಲ್ಲ. ಒಂದು ಮಾತು ಮನಸ್ಸಿಗೆ ನಾಟಿದಾಗ ಆ ಮಾತು ನೆನಪಿನಲ್ಲಿ ಉಳಿಯುತ್ತದೆ, ಅದು ಯಾರ ಬಾಯಿಂದ ಮೊದಲು ಬಂತೆಂಬುದು ಸುಲಭವಾಗಿ ಅಳಿಸಿಹೋಗುತ್ತದೆ. ಅತ್ತು, ನಡುಗಿ ಕುಳಿತವರಿಗಂತೂ ಅದು ಇನ್ನೂ ಕಷ್ಟ. ನಾವು ತಲೆಯಾಡಿಸಿದ್ದು, "ಹ್ಞಾಂ" ಎಂದದ್ದು, ಮಗನ ಮುಖ ನೋಡಿದ್ದು ಯಾವುದೂ ಮಾತಾಡಿದ ಲೆಕ್ಕಕ್ಕೆ ಬರುವುದಿಲ್ಲ. ಎದುರಿಗೆ ಕುಳಿತವನಿಗೆ ಅದೆಲ್ಲವೂ ಉತ್ತರವೇ. ಹಾಗಾಗಿ "ಅವರು ಹೇಳಿದ್ದು ಸರಿಯಾಯಿತಾ" ಎಂದು ಕೇಳಿಕೊಂಡರೆ ಯಾವಾಗಲೂ ಹೌದೆಂದೇ ಬರುತ್ತದೆ. ಮೊದಲು ಹೇಳಿದ್ದು ಯಾರು ಎಂದು ಕೇಳಿ. ಅದಕ್ಕೆ ನಿಮ್ಮ ನೆನಪನ್ನು ನಂಬಬೇಡಿ, ರೆಕಾರ್ಡಿಂಗನ್ನು ಕೇಳಿ.

ಯಾರಿಗಾದರೂ ಹೊಂದುವ ಮಾತು ನನಗೇ ಹೇಳಿದಂತೆ ಕೇಳಿಸುವುದು ಮನುಷ್ಯ ಸಹಜ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಮಾಡಿ, ಪ್ರತಿಯೊಬ್ಬರಿಗೂ ಅವರವರ ಸ್ವಭಾವದ ವಿವರಣೆ ಎಂದು ಒಂದೊಂದು ಹಾಳೆ ಕೊಟ್ಟರು. ಎಷ್ಟು ನಿಖರವಾಗಿದೆ ಎಂದು ಕೇಳಿದರೆ ಸರಾಸರಿ 5ಕ್ಕೆ 4.26 ಅಂಕ ಬಂತು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು.

ಎದುರಿಗೆ ಮುಖ ಇಲ್ಲದಿದ್ದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನದೇ ಸಾಕ್ಷಿಯಿದೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು 2009ರ ಲೋಕಸಭಾ ಚುನಾವಣೆಗೆ ಮೊದಲು ಅದರ ಬಗ್ಗೆಯೇ 25 ಪ್ರಶ್ನೆ ಮುಂದಿಟ್ಟು, ಸರಿಯುತ್ತರ ಬರೆದು ಕಳಿಸುವ ಭವಿಷ್ಯಕಾರರಿಗೆ 10 ಲಕ್ಷ ರೂಪಾಯಿ ಘೋಷಿಸಿದ್ದರು. ಯಾರೂ ಗೆಲ್ಲಲಿಲ್ಲ. ಕಾಗದ ತಲೆಯಾಡಿಸುವುದಿಲ್ಲವಲ್ಲ.

ಇನ್ನು ಕೆಲವರು ಅಷ್ಟೂ ಕಷ್ಟಪಡುವುದಿಲ್ಲ. ಪತ್ರಿಕೆಯಲ್ಲಿ ನಾವೇ ಹಾಕಿಸಿದ ಶ್ರದ್ಧಾಂಜಲಿಯಲ್ಲಿ ಫೋಟೋ, ಮನೆ ಹೆಸರು, ಮಕ್ಕಳ ಹೆಸರು, ಉದ್ಯೋಗ, ಉತ್ತರಕ್ರಿಯೆಯ ದಿನ ಎಲ್ಲ ಇರುತ್ತದೆ. ಉಳಿದದ್ದು ಫೇಸ್‌ಬುಕ್ಕಿನಲ್ಲಿ. ಅಪಾಯಿಂಟ್‌ಮೆಂಟ್ ಬರೆದುಕೊಳ್ಳುವ ಹುಡುಗ "ಯಾವೂರು, ತೀರಿಕೊಂಡು ಎಷ್ಟು ದಿನ ಆಯ್ತು" ಎಂದು ಕೇಳುವುದನ್ನೂ ಮರೆಯಬೇಡಿ. ಎಲ್ಲರೂ ಬೇಕೆಂದೇ ಮೋಸ ಮಾಡುತ್ತಾರೆ ಎಂದು ನಾನು ಹೇಳಲಾರೆ. ಬಂದವರೆಲ್ಲ ಹೌದು ಹೌದು ಎನ್ನುವುದನ್ನು ಕೇಳಿ ಕೇಳಿ ತನಗೆ ಶಕ್ತಿಯಿದೆ ಎಂದು ನಿಜವಾಗಿ ನಂಬಿದವರೂ ಇರಬಹುದು. ಎದುರಿಗೆ ಕುಳಿತ ಅಮ್ಮನಿಗೆ ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ.

"ಆದ್ರೆ ರಾತ್ರಿ ಅವರ ಚಪ್ಪಲಿಯ ಸದ್ದು ನನಗೇ ಕೇಳ್ತದೆ" ಎಂದರು ಆ ಅಮ್ಮ. ಇದನ್ನು ಹೇಳಲು ಬಹಳ ಜನ ಹೆದರುತ್ತಾರೆ, ಹುಚ್ಚು ಎನ್ನುತ್ತಾರೇನೋ ಎಂದು. ಹೆದರಬೇಕಿಲ್ಲ. ವೇಲ್ಸ್‌ನ ವೈದ್ಯ ಡೆವಿ ರೀಸ್ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗೆ ಇಂಥ ಅನುಭವವಾಗಿತ್ತು: ಪಕ್ಕದಲ್ಲಿದ್ದಂತೆ ಅನಿಸುವುದು, ಕಾಣಿಸುವುದು, ದನಿ ಕೇಳುವುದು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ವರ್ಷಗಟ್ಟಲೆ ಜೊತೆಗಿದ್ದವರ ಹೆಜ್ಜೆ ಮನಸ್ಸಿನಲ್ಲಿ ಉಳಿದಿರುತ್ತದೆ. ಅಷ್ಟು ಮಾತ್ರಕ್ಕೆ ಅದು ಕಾಯಿಲೆಯಲ್ಲ. ಆತ್ಮಕ್ಕೆ ಶಾಂತಿಯಿಲ್ಲ, ಇಂತಿಷ್ಟು ಖರ್ಚು ಮಾಡಿ ಎನ್ನಲು ಕಾರಣವೂ ಅಲ್ಲ. "ಕೇಳಿಸಿದಾಗ ಭಯ ಆಗ್ತದಾ ಅಮ್ಮಾ?" ಎಂದು ಕೇಳಿದೆ. "ಇಲ್ಲ, ಸಮಾಧಾನ ಆಗ್ತದೆ" ಎಂದರು. ಭಯ ಹುಟ್ಟಿಸಿದ್ದು ಆ ಕೋಣೆಯೊಳಗಿನ ಮನುಷ್ಯ.

ಜೊತೆಗೆ ಬರುವ ಮಕ್ಕಳಿಗೆ, ಅಳಿಯಂದಿರಿಗೆ ಒಂದು ಕೋರಿಕೆ. ರೆಕಾರ್ಡಿಂಗ್ ಇದ್ದರೆ ಅದನ್ನು ಹತ್ತು ಜನರ ಎದುರು ಹಾಕಿ ಅಮ್ಮನ ಮರ್ಯಾದೆ ತೆಗೆಯಬೇಡಿ. ಆ ಹುಡುಗನಿಗೂ ಸ್ವಲ್ಪ ತಡೆ ಎಂದೆ. ಅವರ ನಿದ್ದೆ ಸರಿಯಾಗಿ, ಊಟ ಸೇರುವಂತಾದ ಮೇಲೆ ಅಮ್ಮನೇ "ಕೇಳುವ" ಎಂದರು. ಕೇಳಿ, ಆ ಮನುಷ್ಯನಿಗೆ ಕಟ್ಟಬೇಕಿದ್ದ ಹಣದ ಎರಡನೇ ಕಂತನ್ನು ನಿಲ್ಲಿಸಿದರು.

ಆರು ತಿಂಗಳು ಕಳೆದರೂ ದುಃಖದ ತೀವ್ರತೆ ಇಳಿಯದೆ ದಿನದ ಕೆಲಸಗಳೇ ನಿಂತುಹೋಗಿದ್ದರೆ ವೈದ್ಯರನ್ನು ಕಾಣಿ. ಸಾಯಬೇಕೆಂಬ ಯೋಚನೆ ಬರುತ್ತಿದ್ದರೆ ಒಂದು ದಿನವೂ ಕಾಯಬೇಡಿ. ಬರಲು ಆಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಯಾರೋ ಹೇಳಿದರೆಂದು ಮಾತ್ರೆ ನಿಲ್ಲಿಸಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ, ಹಳೆಯ ಚೀಟಿ ತನ್ನಿ. ಎಲ್ಲೆಲ್ಲಿಗೆ ಹೋಗಿ ಬಂದಿರಿ ಎಂದೂ ಮುಚ್ಚಿಡದೆ ಹೇಳಿ, ನಾನಂತೂ ಬೈಯುವುದಿಲ್ಲ.