ಸಿಗಡಿ ತೊಟ್ಟಿಯ ಹಸಿರು ಬೆಳಕು

ಯುರೋಪಿಗೋ ಅಮೆರಿಕಕ್ಕೋ ಹೋದ ಸಿಗಡಿ ಕಂಟೇನರ್‌ನಲ್ಲಿ ಆಂಟಿಬಯಾಟಿಕ್ ಸಿಕ್ಕಿತು ಎಂಬ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಬೆನ್ನಿಗೇ ಚರ್ಚೆ ಶುರು. ಒಬ್ಬರು ರೈತರನ್ನು ಬೈಯುತ್ತಾರೆ, ಇನ್ನೊಬ್ಬರು ಔಷಧಿ ಮಾರುವವರನ್ನು, ಮತ್ತೊಬ್ಬರು ಹೊರದೇಶದ ಲ್ಯಾಬುಗಳನ್ನು. ನಡುವೆ ವಿಬ್ರಿಯೋ, ಪ್ರೊಬಯಾಟಿಕ್, ಫೇಜ್, ಕೋರಂ ಸೆನ್ಸಿಂಗ್ ಎಂಬ ಪದಗಳು ತೇಲಿ ಬರುತ್ತವೆ. ಯಾವುದಕ್ಕೂ ಯಾವುದಕ್ಕೂ ಏನು ಸಂಬಂಧ ಎನ್ನುವುದೇ ತಿಳಿಯುವುದಿಲ್ಲ. ಈ ಗೋಜಲಿನ ಬುಡ ಹುಡುಕುತ್ತಾ ಹೋದರೆ ಸಿಗುವುದು ಕಡಲಿನ ಒಂದು ಬ್ಯಾಕ್ಟೀರಿಯಾ. ಕತ್ತಲಲ್ಲಿ ಬೆಳಗುವ ಬ್ಯಾಕ್ಟೀರಿಯಾ.

ಮೊದಲೇ ಒಂದು ಮಾತು. 2020ರ ನವೆಂಬರಿನಲ್ಲಿ ಉಡುಪಿ ಕಡೆಯ ಕಡಲತೀರಗಳಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಮಿಂಚಿದ್ದು ನೆನಪಿದೆ ಅಲ್ವಾ? ಅದು ಇದಲ್ಲ. ಅದು ನಾಕ್ಟಿಲೂಕಾ ಎಂಬ ಬೇರೆಯೇ ಜೀವಿ, ಅಲೆ ತಾಗಿದಾಗ ಮಾತ್ರ ಮಿಂಚುತ್ತದೆ. ಬ್ಯಾಕ್ಟೀರಿಯಾ ಹಾಗಲ್ಲ. ಒಮ್ಮೆ ಹೊತ್ತಿಕೊಂಡರೆ ಗಂಟೆಗಟ್ಟಲೆ ಒಂದೇ ಸಮನೆ ಬೆಳಗುತ್ತದೆ.

ನೋಡುವುದಕ್ಕೆ ಲ್ಯಾಬ್ ಏನೂ ಬೇಡ. ಮೀನು ಮಾರ್ಕೆಟಿನಿಂದ ತಾಜಾ ಬೊಂಡಾಸ್ (ಸ್ಕ್ವಿಡ್) ತನ್ನಿ. ನಲ್ಲಿ ನೀರಲ್ಲಿ ತೊಳೆಯಬೇಡಿ. ತಟ್ಟೆಯಲ್ಲಿಟ್ಟು, ಲೀಟರಿಗೆ 30 ಗ್ರಾಂ ಉಪ್ಪು ಕರಗಿಸಿದ ನೀರನ್ನು ಅರ್ಧ ಮುಳುಗುವಷ್ಟು ಹಾಕಿ, ತಂಪಾದ ಜಾಗದಲ್ಲಿ ಒಂದು ದಿನ ಬಿಡಿ. ಆಮೇಲೆ ರಾತ್ರಿ ದೀಪ ಆರಿಸಿ, ಕಣ್ಣು ಕತ್ತಲಿಗೆ ಒಗ್ಗುವ ತನಕ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಅದೃಷ್ಟ ಇದ್ದರೆ ಚರ್ಮದ ಮೇಲೆ ಸಾಸಿವೆಯಷ್ಟು ಸಣ್ಣ ನೀಲಿ-ಹಸಿರು ಚುಕ್ಕೆಗಳು ಕಾಣುತ್ತವೆ. ಒಂದೊಂದು ಚುಕ್ಕೆಯಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ. ಆ ಬೊಂಡಾಸನ್ನು ಮಾತ್ರ ಸುಕ್ಕ ಮಾಡಲು ಹೋಗಬೇಡಿ.

1668ರಲ್ಲೇ ರಾಬರ್ಟ್ ಬಾಯ್ಲ್ ಇಂಥದ್ದೊಂದು ಹೊಳೆಯುವ ಮೀನನ್ನು ಗಾಜಿನ ಪಾತ್ರೆಯಲ್ಲಿಟ್ಟು ಗಾಳಿ ಎಳೆದು ತೆಗೆದಿದ್ದರು. ಬೆಳಕು ಮಂಕಾಗಿತ್ತು. ಮುಂದಿನ ಸುಮಾರು 300 ವರ್ಷಗಳಲ್ಲಿ ಗೊತ್ತಾಗಿದ್ದು ಇಷ್ಟು: ಬೆಳಕು ಮೀನಿನದ್ದಲ್ಲ, ಬ್ಯಾಕ್ಟೀರಿಯಾದ್ದು. ಅದಕ್ಕೆ ಆಮ್ಲಜನಕ ಬೇಕು. ಅವುಗಳಲ್ಲೊಂದಕ್ಕೆ, ಈ ವಿಷಯದಲ್ಲೇ ಜೀವನ ಕಳೆದ ನ್ಯೂಟನ್ ಹಾರ್ವೆ ಎಂಬ ವಿಜ್ಞಾನಿಯ ನೆನಪಿಗೆ, ವಿಬ್ರಿಯೋ ಹಾರ್ವೇಯಿ ಎಂಬ ಹೆಸರು ಬಂತು. ಅರಬ್ಬಿ ಸಮುದ್ರಕ್ಕೂ ಇದು ಹೊಸಬನೇನಲ್ಲ. ರಾತ್ರಿ ಇಡೀ ಕಡಲೇ ಹಾಲಿನಂತೆ ಬೆಳ್ಳಗೆ ಕಾಣುತ್ತದೆ ಎಂದು ನಾವಿಕರು ಹೇಳುತ್ತಿದ್ದ ಕಥೆಯನ್ನು ಯಾರೂ ಪೂರ್ತಿ ನಂಬಿರಲಿಲ್ಲ. 1995ರ ಜನವರಿಯಲ್ಲಿ ಸೊಮಾಲಿಯಾ ಹತ್ತಿರ ಒಂದು ಹಡಗಿನವರು ಹೀಗೇ ಬರೆದಿಟ್ಟರು. ಹತ್ತು ವರ್ಷದ ನಂತರ ಹಳೆಯ ಉಪಗ್ರಹ ಚಿತ್ರಗಳನ್ನು ತೆಗೆದು ನೋಡಿದರೆ, ಆ ಬೆಳಕು ನಿಜಕ್ಕೂ ಇತ್ತು, 15,400 ಚದರ ಕಿಲೋಮೀಟರಿನಷ್ಟು. ಉತ್ತರ ಕನ್ನಡ ಜಿಲ್ಲೆಯ ಒಂದೂವರೆ ಪಟ್ಟು!

ಆದರೆ ನಿಜವಾದ ತಿರುವು ಬಂದದ್ದು 1970ರಲ್ಲಿ. ವಿಜ್ಞಾನಿಗಳಾದ ಕೆನೆತ್ ನೀಲ್ಸನ್, ವುಡ್‌ಲ್ಯಾಂಡ್ ಹೇಸ್ಟಿಂಗ್ಸ್ ಮತ್ತು ಜೊತೆಗಾರರು ಇಂಥ ಬೆಳಗುವ ಬ್ಯಾಕ್ಟೀರಿಯಾ ಬೆಳೆಸುವಾಗ ಒಂದು ವಿಚಿತ್ರ ಕಂಡರು. ಹೊಸ ನೀರಿಗೆ ಬಿಟ್ಟ ಬ್ಯಾಕ್ಟೀರಿಯಾ ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತಲೇ ಇತ್ತು. ಬೆಳಕು ಮಾತ್ರ ಇಲ್ಲ. ಸಾಕಷ್ಟು ದಟ್ಟವಾದ ಮೇಲೆ ಎಲ್ಲವೂ ಒಟ್ಟಿಗೇ ದೀಪ ಹಚ್ಚಿದವು. ಅವು ನೀರಿಗೆ ಒಂದು ರಾಸಾಯನಿಕವನ್ನು ಬಿಡುತ್ತಿದ್ದವು. ಅದು ಒಂದು ಮಟ್ಟ ದಾಟಿದರೆ 'ನಾವು ಸಾಕಷ್ಟು ಜನ ಸೇರಿದ್ದೇವೆ' ಎಂದು ಪ್ರತಿಯೊಂದಕ್ಕೂ ಗೊತ್ತಾಗುತ್ತಿತ್ತು. ಪಂಚಾಯಿತಿ ಸಭೆಗೆ ಕೋರಂ ಇಲ್ಲ ಅಂತ ಮುಂದೂಡುತ್ತಾರಲ್ಲ, ಅದೇ ಲೆಕ್ಕ. 1994ರಲ್ಲಿ ಇದಕ್ಕೆ ಬಿದ್ದ ಹೆಸರೂ ಅದೇ: ಕೋರಂ ಸೆನ್ಸಿಂಗ್. ಬ್ಯಾಕ್ಟೀರಿಯಾ ಒಂಟಿ ಜೀವಿ ಎಂದು ನಂಬಿದ್ದವರಿಗೆ ಇದನ್ನು ಒಪ್ಪಿಕೊಳ್ಳಲು ವರ್ಷಗಳೇ ಬೇಕಾದವು. ಅಷ್ಟರಲ್ಲಿ ಉಪಯೋಗಗಳು ಶುರುವಾಗಿದ್ದವು. ಕಾರ್ಖಾನೆಯ ನೀರಿನಲ್ಲಿ ವಿಷ ಇದೆಯೇ ಎಂದು ನೋಡಲು ಇಂಥ ಬೆಳಗುವ ಬ್ಯಾಕ್ಟೀರಿಯಾವನ್ನು ಆ ನೀರಿಗೆ ಬೆರೆಸಿ, ಬೆಳಕು ಎಷ್ಟು ಕುಗ್ಗಿತು ಎಂದು ಅಳೆಯುತ್ತಾರೆ. ಅರ್ಧ ಗಂಟೆಯೊಳಗೆ ಉತ್ತರ.

ಇಲ್ಲಿಂದ ಕಥೆ ಸಿಗಡಿ ತೊಟ್ಟಿಗೆ ಬರುತ್ತದೆ. ಕುಂದಾಪುರದ ಕಡೆ ಚಟ್ಲಿ, ತುಳುವಿನಲ್ಲಿ ಎಟ್ಟಿ ಎನ್ನುವ ಇದು ನಮ್ಮ ಕರಾವಳಿಯಲ್ಲಿ ಮೊದಲು ತಾನಾಗಿಯೇ ಬರುತ್ತಿದ್ದ ಬೆಳೆ. ಅಘನಾಶಿನಿ ನದಿಯ ಗಜನಿ, ಅಂದರೆ ಉಪ್ಪುನೀರಿನ, ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಉಬ್ಬರದ ಜೊತೆ ಬಂದ ಮೀನು, ಸಿಗಡಿ. 1980ರ ದಶಕದಲ್ಲಿ ಏಷ್ಯಾದ ಉದ್ದಗಲಕ್ಕೂ ಟೈಗರ್ ಸಿಗಡಿಯ ಹುಚ್ಚು ಹಿಡಿಯಿತು. ಹೊಂಡ ತುಂಬಲು ಮರಿ ಬೇಕು, ಮರಿಗೆ ಹ್ಯಾಚರಿ ಬೇಕು. ಒಂದು ತಾಯಿ ಸಿಗಡಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಬೆಚ್ಚಗಿನ ಉಪ್ಪು ನೀರು, ಬೇಕಾದಷ್ಟು ಆಹಾರ, ಕಿಕ್ಕಿರಿದ ಮರಿಗಳು. ಕೋರಂ ಕಾಯುತ್ತಿದ್ದವನಿಗೆ ಇದಕ್ಕಿಂತ ಒಳ್ಳೆಯ ಸಭಾಂಗಣ ಎಲ್ಲಿ ಸಿಗಬೇಕು?

ಹ್ಯಾಚರಿಯಲ್ಲಿ ರಾತ್ರಿ ಪಾಳಿಯವರು ಒಂದು ಪರೀಕ್ಷೆ ಮಾಡುತ್ತಾರೆ. ಶೆಡ್ಡಿನ ಲೈಟ್ ಆರಿಸಿ, ತೊಟ್ಟಿಯಿಂದ ಒಂದು ಬೀಕರ್ ನೀರು ತೆಗೆದು ನೋಡುವುದು. ಚೆನ್ನಾಗಿರುವ ಮರಿ ಕತ್ತಲಲ್ಲಿ ಕಾಣುವುದಿಲ್ಲ. ವಿಬ್ರಿಯೋ ಹಾರ್ವೇಯಿ ತಗುಲಿದ್ದರೆ ಕೂದಲೆಳೆಯಷ್ಟು ಸಣ್ಣ ಮರಿಗಳು ಒಂದೊಂದೂ ಹಸಿರು ಕಿಡಿಯ ಹಾಗೆ ತಳಕ್ಕೆ ಇಳಿಯುತ್ತಿರುತ್ತವೆ. ನೋಡಲು ಬಹಳ ಚಂದ. ಆದರೆ ಹಾಗೆ ಕಂಡರೆ ಒಂದೆರಡು ದಿನದಲ್ಲಿ ತೊಟ್ಟಿಯೇ ಖಾಲಿಯಾಗಬಹುದು. ಇಂಡೋನೇಷ್ಯಾದಲ್ಲಿ ಇದನ್ನು ಮಿಂಚುಹುಳದ ರೋಗ ಅಂತಲೇ ಕರೆದರು.

ಆಗ ಕೈಗೆ ಸಿಕ್ಕಿದ್ದು ಕ್ಲೋರಾಂಫೆನಿಕಾಲ್‌ನಂಥ ಆಂಟಿಬಯಾಟಿಕ್. ರೋಗ ಬಂದ ಮೇಲೆ ಹಾಕಿದ್ದರೆ ಒಂದು ಮಾತು, ಬರದಿರಲಿ ಎಂದು ಮೊದಲೇ ಹಾಕುವುದೂ ರೂಢಿಯಾಯಿತು. ಯಾರನ್ನೂ ದೂರುವುದಕ್ಕಲ್ಲ ಈ ಮಾತು. ಸಾಲ ಮಾಡಿ ಹಾಕಿದ ತೊಟ್ಟಿ ಕಣ್ಣೆದುರೇ ಖಾಲಿಯಾಗುವಾಗ ಯಾರೇ ಆದರೂ ಸಿಕ್ಕಿದ ಪ್ಯಾಕೆಟ್ಟನ್ನೇ ಹರಿಯುತ್ತಾರೆ.

ಇದರ ಫಲವನ್ನು ಲೆಕ್ಕ ಹಿಡಿದು ತೋರಿಸಿದವರಲ್ಲಿ ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನವರು ಮೊದಲ ಸಾಲಿನಲ್ಲಿದ್ದಾರೆ. ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ದಂಪತಿ ಮತ್ತು ಸಂಗಡಿಗರು 1994ರಲ್ಲಿ, ಟೈಗರ್ ಸಿಗಡಿ ಮರಿಗಳು ರಾಶಿ ರಾಶಿ ಸತ್ತ ಪ್ರಕರಣದ ಹಿಂದೆ ಆಂಟಿಬಯಾಟಿಕ್‌ಗೆ ಬಗ್ಗದ ವಿಬ್ರಿಯೋ ಹಾರ್ವೇಯಿ ಇದೆ ಎಂದು ಪ್ರಕಟಿಸಿದರು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು 1996ರ ಕೆಲಸ. ತೊಟ್ಟಿ ಖಾಲಿ ಮಾಡಿ, ತೊಳೆದು, ಕ್ಲೋರಿನ್ ಹಾಕಿದರೂ ಮುಂದಿನ ಬ್ಯಾಚಿಗೆ ಅದೇ ರೋಗ ಯಾಕೆ ಬರುತ್ತದೆ? ಅವರು ಸಿಮೆಂಟ್, ಪ್ಲಾಸ್ಟಿಕ್, ಸ್ಟೀಲ್ ತುಂಡುಗಳ ಮೇಲೆ ಈ ಬ್ಯಾಕ್ಟೀರಿಯಾ ಬೆಳೆಸಿ ನೋಡಿದರು. ಮೂರರ ಮೇಲೂ ಅದು ಲೋಳೆಯ ಪದರ ಕಟ್ಟಿಕೊಂಡು ಕೂತಿತು. ನೀರಲ್ಲಿ ತೇಲುವ ಅದರ ಅಣ್ಣತಮ್ಮಂದಿರು ಸಾಯುವಷ್ಟು ಕ್ಲೋರಿನ್‌ಗೆ, ಟೆಟ್ರಾಸೈಕ್ಲಿನ್‌ಗೆ ಪದರದೊಳಗಿನವು ಜಗ್ಗಲಿಲ್ಲ. ಬಾವಿಕಟ್ಟೆಯ ಪಾಚಿಯನ್ನು ಬರೀ ನೀರು ಹೊಯ್ದು ತೆಗೆಯಲು ಹೋದ ಹಾಗೆ. ಅಂದರೆ ಸಮಸ್ಯೆ ನೀರಿನದ್ದು ಮಾತ್ರವಲ್ಲ, ಗೋಡೆಯದ್ದೂ ಹೌದು. ಬ್ರಷ್ ಹಿಡಿದು ಉಜ್ಜಬೇಕಿತ್ತು, ತೊಟ್ಟಿಗೆ ಬಿಸಿಲು ತೋರಿಸಬೇಕಿತ್ತು. ಇಂಥ ಸಾದಾ ಮಾತು ಔಷಧಿಯ ಪ್ಯಾಕೆಟ್ಟಿನಷ್ಟು ಬೇಗ ಊರು ಸುತ್ತುವುದಿಲ್ಲ.

ಹತ್ತು ವರ್ಷದ ಮೇಲೆ, 2006-07ರಲ್ಲಿ, ಅದೇ ತಂಡ ಇನ್ನೊಂದು ದಾರಿ ತೋರಿಸಿತು. ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್, ಅಂದರೆ ಫೇಜ್, ಕಡಲ ನೀರಲ್ಲೇ ಧಾರಾಳವಾಗಿರುತ್ತದೆ. ವಿಬ್ರಿಯೋ ಹಾರ್ವೇಯಿಯನ್ನೇ ತಿನ್ನುವ ಫೇಜ್ ಹುಡುಕಿ ಹ್ಯಾಚರಿ ತೊಟ್ಟಿಗೆ ಹಾಕಿದರು. ಶೇ. 80ಕ್ಕಿಂತ ಜಾಸ್ತಿ ಮರಿಗಳು ಉಳಿದವು, ಆಂಟಿಬಯಾಟಿಕ್ ಹಾಕಿದ ತೊಟ್ಟಿಗಿಂತ ಹೆಚ್ಚು. ಹಾಗಂತ ಸಿಕ್ಕಿದ ಫೇಜನ್ನೆಲ್ಲ ಸುರಿಯುವಂತಿಲ್ಲ. ಒಂದು ಫೇಜ್ ಎಲ್ಲ ತಳಿಯನ್ನೂ ಕೊಲ್ಲುವುದಿಲ್ಲ. ಕೆಲವು ಫೇಜ್ ಬ್ಯಾಕ್ಟೀರಿಯಾದ ಒಳಗೇ ಸಂಸಾರ ಹೂಡಿ ಅದನ್ನು ಇನ್ನಷ್ಟು ಉಗ್ರ ಮಾಡುತ್ತವೆ ಎಂದು ಆಸ್ಟ್ರೇಲಿಯಾದಲ್ಲಿ ಕಂಡಿತ್ತು. ಪರೀಕ್ಷೆ ಮಾಡಿ, ಆರಿಸಿ, ಆಗಾಗ ಬದಲಿಸುತ್ತಾ ಇರಬೇಕು. ಅದಕ್ಕೆ ಹ್ಯಾಚರಿಯ ಪಕ್ಕದಲ್ಲೇ ಲ್ಯಾಬ್ ಬೇಕು, ಸಂಬಳ ಕೊಟ್ಟು ಇಟ್ಟುಕೊಂಡ ಜನ ಬೇಕು. ಆಂಟಿಬಯಾಟಿಕ್ ಪುಡಿಗೆ ಇದ್ಯಾವುದೂ ಬೇಕಾಗಿರಲಿಲ್ಲ.

ಈ ನಡುವೆ ಹೊರಗೆ ಬಹಳ ನಡೆದುಹೋಗಿತ್ತು. 1994ರ ಹೊತ್ತಿಗೆ ಬಂದ ಬಿಳಿಚುಕ್ಕೆ ರೋಗ (ಅದು ವೈರಸ್, ಆಂಟಿಬಯಾಟಿಕ್‌ಗೂ ಅದಕ್ಕೂ ಸಂಬಂಧವೇ ಇಲ್ಲ, ಆದರೂ ಸುರಿದವರಿದ್ದರು), ಸಿಗಡಿ ಹೊಂಡಗಳ ಬಗ್ಗೆ 1996ರ ಸುಪ್ರೀಂ ಕೋರ್ಟ್ ತೀರ್ಪು, 2005ರ ಜಲಕೃಷಿ ಪ್ರಾಧಿಕಾರದ ಕಾಯ್ದೆ, 2009ರಲ್ಲಿ ವನ್ನಾಮಿ ಎಂಬ ಹೊರದೇಶದ ಸಿಗಡಿ. ಎಲ್ಲಕ್ಕಿಂತ ಬಿಸಿ ತಟ್ಟಿಸಿದ್ದು 2001-02ರ ಯುರೋಪಿನ ತಪಾಸಣೆ. ಕ್ಲೋರಾಂಫೆನಿಕಾಲ್ ಪತ್ತೆಗೆ 2003ರಲ್ಲಿ ಅಲ್ಲಿ ಇಟ್ಟ ಅಳತೆ ಕಿಲೋಗೆ 0.3 ಮೈಕ್ರೊಗ್ರಾಂ. ಅಂದರೆ ಒಂದು ಗ್ರಾಂ ಔಷಧಿ 3,300 ಟನ್ ಸಿಗಡಿಯಲ್ಲಿ ಹಂಚಿಹೋದರೂ ಯಂತ್ರಕ್ಕೆ ಸಿಕ್ಕಿಬೀಳುತ್ತಿತ್ತು. ಭಾರತದಲ್ಲೂ ಆಂಟಿಬಯಾಟಿಕ್ ಮತ್ತು ಇತರ ಔಷಧಿ ಸೇರಿ 20ನ್ನು ನಿಷೇಧಿಸಿದರು. ಆ ಜಾಗಕ್ಕೆ ಪ್ರೊಬಯಾಟಿಕ್, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾದ, ಬಾಟಲಿ ಬಂತು.

ಅದರ ಹಿಂದೆ ಗಟ್ಟಿ ವಿಜ್ಞಾನವೇ ಇತ್ತು. ಇಂಡೋನೇಷ್ಯಾದಲ್ಲಿ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಆಯ್ದ ತಳಿ ಬಿಟ್ಟ ಹೊಂಡಗಳು 160 ದಿನ ದಾಟಿದರೆ, ಬಿಡದ ಹೊಂಡಗಳು 80 ದಿನದೊಳಗೇ ಕೈಕೊಟ್ಟವು ಎಂದು 1998ರಲ್ಲಿ ವಿಜ್ಞಾನಿ ಡೇವಿಡ್ ಮೊರಿಯಾರ್ಟಿ ಬರೆದಿದ್ದರು. ಇಲ್ಲಿ 'ಆಯ್ದ' ಎಂಬ ಪದ ಮುಖ್ಯ. ನಾಲ್ಕಾರು ಬ್ರ್ಯಾಂಡಿನ ಲೇಬಲ್ ಓದಿ ನೋಡಿ. ಬ್ಯಾಸಿಲಸ್ ಅಂತ ಇರುತ್ತದೆ, ಯಾವ ತಳಿ ಎಂದು ಹುಡುಕಿದರೆ ಹಲವು ಬಾರಿ ಸಿಗುವುದಿಲ್ಲ. ಆಸ್ಟ್ರೇಲಿಯಾದ ಒಂದು ಕೆಂಪು ಕಡಲಪಾಚಿ ಬ್ಯಾಕ್ಟೀರಿಯಾದ ಕೋರಂ ಮಾತನ್ನೇ ಕೆಡಿಸುತ್ತದೆ ಎಂಬ ಸಂಶೋಧನೆ ಇನ್ನೂ ಚಂದದ್ದು. ಕೊಲ್ಲುವುದಿಲ್ಲ, ಸಭೆ ಸೇರದಂತೆ ಮಾಡುತ್ತದೆ, ಅಷ್ಟೆ. ಆದರೆ ಪಾಚಿಯ ಆ ರಾಸಾಯನಿಕವೇ ಜಾಸ್ತಿಯಾದರೆ ಮರಿಗಳಿಗೆ ವಿಷ.

ಇಷ್ಟರಲ್ಲಿ ಬ್ಯಾಕ್ಟೀರಿಯಾವೂ ಬದಲಾಯಿತು. 2009ರಲ್ಲಿ ಚೀನಾದಲ್ಲಿ ಶುರುವಾದ ಹೊಸ ರೋಗವೊಂದು ಥಾಯ್ಲೆಂಡಿನ ಸಿಗಡಿ ಉತ್ಪಾದನೆಯನ್ನು ಸುಮಾರು ಅರ್ಧಕ್ಕಿಳಿಸಿತು. 2013ರಲ್ಲಿ ಗೊತ್ತಾದ ಕಾರಣ, ಅದೇ ಕುಟುಂಬದ ವಿಬ್ರಿಯೋ ಪ್ಯಾರಾಹೀಮೊಲಿಟಿಕಸ್. ವಿಷ ಮಾಡುವ ಜೀನ್ ಒಂದು ಸಣ್ಣ ಡಿಎನ್‌ಎ ಉಂಗುರದಲ್ಲಿ ಕೂತಿರುತ್ತದೆ. ಅದು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲದು. ಈ ರೋಗದಲ್ಲಿ ಹಸಿರು ಕಿಡಿ ಇಲ್ಲ. ಲೈಟ್ ಆರಿಸಿ ನೋಡುವ ಹಳೆಯ ಪರೀಕ್ಷೆಗೆ ಏನೂ ಕಾಣುವುದಿಲ್ಲ.

ಈಗ ಹೊಂಡದ ನೀರನ್ನು ವಿಬ್ರಿಯೋ ಬೆಳೆಸುವ ಟಿಸಿಬಿಎಸ್ ಎಂಬ ಅಗರ್ ತಟ್ಟೆಯ ಮೇಲೆ ಸವರಿ ಮರುದಿನ ನೋಡುತ್ತಾರೆ. ಹಳದಿ ಚುಕ್ಕೆ ಬಂದರೆ ಪರವಾಗಿಲ್ಲ, ಹಸಿರು ಬಂದರೆ ಭಯ ಎಂಬುದು ರೂಢಿಯ ಲೆಕ್ಕ. ಹಸಿರಿನಲ್ಲೂ ವಿಷದ ಜೀನಿರುವ ಆ ಉಂಗುರ ಇರುವುದು, ಇಲ್ಲದಿರುವುದು ಎರಡೂ ಇರುತ್ತದೆ. ಪಿಸಿಆರ್ ಎಂಬ ಜೀನ್ ಪರೀಕ್ಷೆ ಮಾಡದೆ ಹೇಳಲು ಬರುವುದಿಲ್ಲ. ವರದಿ ಬರುವ ತನಕ ಕಾಯುವಷ್ಟು ಹೊತ್ತು ಹೊಂಡದವರ ಹತ್ತಿರ ಇರುವುದಿಲ್ಲ. ತಟ್ಟೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಆ ಕಡೆಯಿಂದ ಯಾವ ಬಾಟಲಿ, ಎಕರೆಗೆ ಎಷ್ಟು ಎಂಬ ಉತ್ತರ ಹತ್ತು ನಿಮಿಷದಲ್ಲಿ ಬರುತ್ತದೆ.