ನೀರು ಹಿಂದಿರುಗುತ್ತದೆ, ದಿಬ್ಬ ಹಿಂದಿರುಗದು

ಸಮುದ್ರ ಸೇರುವ ಮುನ್ನ ನದಿಯ ತಳದಲ್ಲಿ ಮರಳು ಸಪಾಟಾಗಿ ಮಲಗಿರುವುದು ಕಮ್ಮಿ. ಸಾಲುಸಾಲು ದಿಬ್ಬ. ಕೆಲವು ಆಳೆತ್ತರಕ್ಕಿಂತ ಜಾಸ್ತಿ.

ದಿಬ್ಬ ಸಾಗುವ ಬಗೆ ಹೀಗೆ. ನೀರು ಕಣವೊಂದನ್ನು ಏರಿನಲ್ಲಿ ಉರುಳಿಸಿ, ಕುಪ್ಪಳಿಸಿ ನೆತ್ತಿಗೆ ತರುತ್ತದೆ. ಅದು ಆಚೆ ಬದಿಗೆ ಜಾರಿ ಬೀಳುತ್ತದೆ. ಮೇಲೆ ಇನ್ನೊಂದು, ಮತ್ತೊಂದು. ಹಿಂದೆ ಸವೆದು ಮುಂದೆ ಬೆಳೆಯುತ್ತಾ ದಿಬ್ಬ ಸರಿಯುತ್ತದೆ. ಹೂತುಹೋದ ಕಣ, ದಿಬ್ಬ ಪೂರ್ತಿ ದಾಟಿಹೋಗಿ ತಾನು ಮತ್ತೆ ಬಯಲಾಗುವ ತನಕ ಕಾಯಬೇಕು.

ಇದನ್ನು ಲೆಕ್ಕಕ್ಕೆ ತಂದವರು ಆಸ್ಟ್ರಿಯಾದ ಫೆಲಿಕ್ಸ್ ಎಕ್ಸ್‌ನರ್, 1920ರ ದಶಕದಲ್ಲಿ. ವೃತ್ತಿಯಲ್ಲಿ ಹವಾಮಾನ ವಿಜ್ಞಾನಿ! ಒಂದು ಜಾಗಕ್ಕೆ ಬಂದ ಮರಳಿಗಿಂತ ಹೋದದ್ದು ಜಾಸ್ತಿಯಾದರೆ ತಳ ಇಳಿಯುತ್ತದೆ, ಕಮ್ಮಿಯಾದರೆ ಏರುತ್ತದೆ. ಸುಮ್ನೆ ಜಮಾ-ಖರ್ಚು, ಅಲ್ವಾ? 1936ರಲ್ಲಿ ಬರ್ಲಿನ್‌ನಲ್ಲಿ ಆಲ್ಬರ್ಟ್ ಶೀಲ್ಡ್ಸ್, ಕಣ ಕದಲಲು ನೀರು ಎಷ್ಟು ಜೋರಾಗಿ ಎಳೆಯಬೇಕು ಎಂದು ಹೇಳಿದರು. ಆಲ್ಬರ್ಟ್ ಐನ್‌ಸ್ಟೈನರ ಮಗ ಹಾನ್ಸ್ ಆಲ್ಬರ್ಟ್ ಕೂಡ ಇದೇ ಮರಳಿನ ಬೆನ್ನು ಹತ್ತಿದ್ದರು.

ಆದರೆ ಈ ಲೆಕ್ಕಗಳೆಲ್ಲ ಹೆಚ್ಚಾಗಿ ಒಂದೇ ಕಡೆಗೆ ಹರಿಯುವ ನೀರನ್ನು ನಂಬಿದ್ದವು. ಸಮುದ್ರದ ಉಬ್ಬರ ಒಳನುಗ್ಗುವ ನದಿಯಲ್ಲಿ ಸುಮಾರು ಆರು ಗಂಟೆಗೊಮ್ಮೆ ನೀರು ದಿಕ್ಕು ಬದಲಿಸುತ್ತದೆ. ವಿಜ್ಞಾನಿ ಆಸ್ಬೋರ್ನ್ ರೆನಾಲ್ಡ್ಸ್ 1880ರ ದಶಕದಲ್ಲೇ ಇಂಗ್ಲೆಂಡಿನ ಮರ್ಸಿ ಅಳಿವೆಯ ಪುಟ್ಟ ಮಾದರಿ ಕಟ್ಟಿ, ಅದರೊಳಗಿನ ಮರಳಿನ ಮೇಲೆ ಉಬ್ಬರ-ಇಳಿತ ಆಡಿಸಿ ನೋಡಿದ್ದರು. ಆದರೂ ನಿಜವಾದ ನದಿಯ ತಳದಲ್ಲಿ ಅಳೆಯುವ ಒಳ್ಳೆಯ ಉಪಕರಣ ಬರಲು ತುಂಬಾ ಕಾಲ ಹಿಡಿಯಿತು.

ನೀರು ತಿರುಗಿದಾಗ ಪುಟ್ಟ ಏರಿಳಿತಗಳು ಬೇಗ ಮುಖ ಬದಲಿಸುತ್ತವೆ. ದೊಡ್ಡ ದಿಬ್ಬಕ್ಕೆ ಅಷ್ಟು ಹೊತ್ತು ಸಾಲದು. ಅದರ ನೆತ್ತಿ ಮಾತ್ರ ಹೊಸ ಹರಿವಿನ ಕಡೆ ಕೊಂಚ ವಾಲುತ್ತದೆ. ಇನ್ನೊಂದು ವಿಷಯ: ವೇಗ ಎರಡು ಪಟ್ಟಾದರೆ ಸಾಗುವ ಮರಳು ಸುಮಾರು ಎಂಟು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. ಹಾಗಾಗಿ ಎರಡು ಹರಿವುಗಳಲ್ಲಿ ಒಂದು ಸ್ವಲ್ಪ ಜೋರಾದರೂ ಸಾಕು, ದಿಬ್ಬ ಅದರ ಜೊತೆಗೇ ಹೋಗುತ್ತದೆ.

1990ರ ದಶಕದಲ್ಲಿ ಕೆನಡಾದ ಫ್ರೇಸರ್ ನದಿಯಲ್ಲಿ ಅಳೆದಾಗ ಪಾಠಪುಸ್ತಕದ ಚಿತ್ರವೂ ಅಲುಗಾಡಿತು. ಚಿತ್ರದಲ್ಲಿ ದಿಬ್ಬದ ಆಚೆ ಬದಿಯ ಇಳಿಜಾರು ಸುಮಾರು 30 ಡಿಗ್ರಿ ಕಡಿದಾಗಿದ್ದು, ಅಲ್ಲಿ ಸದಾ ಸುಳಿ. ಫ್ರೇಸರ್‌ನ ದೊಡ್ಡ ದಿಬ್ಬಗಳಿಗೆ ಎರಡೂ ಬದಿ ಮೆಲ್ಲನೆಯ ಇಳಿಜಾರು, ಸದಾ ತಿರುಗುವ ಸುಳಿಯೇ ಇಲ್ಲ.

ಹಡಗಿನವರಿಗೆ ಬೇಕಾದದ್ದು ನೆತ್ತಿಯ ಮೇಲಿನ ಆಳ. ಜರ್ಮನಿಯ ವೇಸರ್, ಎಲ್ಬೆ ನದಿಗಳಲ್ಲಿ ನೆತ್ತಿಗೆ ನೀರು ಚಿಮ್ಮಿಸಿ, ಮರಳನ್ನು ಪಕ್ಕದ ತಗ್ಗಿಗೆ ಬೀಳಿಸುತ್ತಾರೆ. ನೀರು ಅದನ್ನು ಮತ್ತೆ ಒಂದೊಂದೇ ಕಣವಾಗಿ ಮೇಲೆ ಹತ್ತಿಸುತ್ತದೆ.